ಸತಿಪತಿಗಳಲ್ಲಿ ಅಗಲಿಕೆಯ ಮಾತು ಬಂದಾಗ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಸಭೆಯಲ್ಲಿ ಮಂಗಲದ ಮಾತುಗಳನ್ನಾಡುವುದು ರೂಢಿ. ವಿವಾಹವನ್ನು ಕುರಿತು ಹೇಳುವಾಗಲೂ ಮಾಂಗಲ್ಯಧಾರಣದ ಮಹಿಮೆಯನ್ನೂ ಗೃಹಸ್ಥಧರ್ಮದ ಶ್ರೇಷ್ಠತೆಯನ್ನೂ ಹೇಳಿ ಮುಗಿಸುವುದುಂಟು. ಆದರೆ ಮಠದ ಬಾಗಿಲಿಗೆ ಲಗ್ನಪತ್ರಿಕೆಯನ್ನು ಹಿಡಿದವರು ಮಾತ್ರವೇ ಬರುವುದಿಲ್ಲ. ಪೂಜೆಯು ಮುಗಿದು ಜನವು ಚದುರಿದ ಮೇಲೆ ಕಂಬದ ಮರೆಯಲ್ಲಿ ಉಳಿದುನಿಂತು, “ಬುದ್ಧೀ, ಮನೆಯವಳು ಇನ್ನು ನಿನ್ನ ಸಂಗಡ ಬಾಳಲಾರೆ ಎನ್ನುತ್ತಾಳೆ” ಎಂದು ಹೇಳಲಾರದೆ ಹೇಳುವ ಗಂಡಸರಿದ್ದಾರೆ. “ನಿನ್ನ ತವರಿಗೆ ಹೋಗು, ಕಾಗದವನ್ನು ಕಳುಹಿಸುತ್ತೇನೆ ಎಂದುಬಿಟ್ಟರು” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಮದುವೆಯ ದಿನ ಅಕ್ಷತೆಯನ್ನಿಟ್ಟ ಮಠವು ಈ ದಿನ ಇವರಿಗೆ ಏನನ್ನು ಹೇಳತಕ್ಕದ್ದು? ಇದೇ ಈ ಹೊತ್ತಿನ ಉಪನ್ಯಾಸದ ವಿಷಯವು.

ಮಂಡ್ಯ ಜಿಲ್ಲೆಯಲ್ಲಿ ಪಾಂಡವಪುರದ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹೆಣ್ಣು ಕೊಟ್ಟು ತಂದುಕೊಳ್ಳುವ ಬಳಕೆಯು ಹಿಂದಿನಿಂದಲೂ ಇದೆ. ಹತ್ತಿರದ ಸೀಮೆಗಳಾದರೂ ಮನೆಗಳ ನಡೆಯು ಒಂದೇ ಬಗೆಯದಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಮೊದಲಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರಿನ ನಾಲೆಯು ಹರಿದ ಬಳಿಕ, ಶ್ರೀರಂಗಪಟ್ಟಣ ಪಾಂಡವಪುರಗಳ ನೀರಾವರಿಯ ಊರುಗಳಲ್ಲಿ ಭತ್ತ ಕಬ್ಬುಗಳ ಬೇಸಾಯವು ಬೆಳೆಯಿತು. ನಾಗಮಂಗಲದ ಬಹುಭಾಗವು ಮಳೆಯನ್ನು ನೆಚ್ಚಿದ ರಾಗಿ ಹುರುಳಿಗಳ ಬೆದ್ದಲು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಮಗ್ಗುಲಿಗೆ ಒಂದು ರೀತಿ, ಮೇಲುನೆಲದಲ್ಲಿ ಇನ್ನೊಂದು ರೀತಿ. ಬೆದ್ದಲು ಸೀಮೆಯ ಮಗಳು ಗದ್ದೆಯ ಸೀಮೆಗೆ ಸೊಸೆಯಾಗಿ ಬಂದರೆ ಏಳುವ ಹೊತ್ತು, ಅಡಿಗೆಯ ರುಚಿ, ಆಳುಕಾಳುಗಳಿಗೆ ಬಡಿಸುವ ಕ್ರಮ ಎಲ್ಲವೂ ಹೊಸತು. ಅತ್ತೆಗೆ ಅದು ಹುಟ್ಟಿದಂದಿನಿಂದ ಬಂದ ನಡೆ. ಸೊಸೆಗೆ ಅದು ದಿನದಿನದ ಪರೀಕ್ಷೆ. “ನಿಮ್ಮ ಊರಿನಲ್ಲಿ ಹೀಗೆಯೋ?” ಎಂಬ ಒಂದು ಮಾತು ಒಂದು ದಿನ ನಗೆಯಾಗಿರುತ್ತದೆ, ನೂರನೆಯ ದಿನ ಮುಳ್ಳಾಗಿರುತ್ತದೆ.

ಈಚಿನ ಕಾಲದಲ್ಲಿ ಇದರ ಮೇಲೆ ಇನ್ನೊಂದು ಭಾರವೂ ಕೂಡಿದೆ. ಮಗನಿಗೆ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗ. ಸೊಸೆಯೂ ಓದಿದವಳು, ಕೆಲಸಕ್ಕೆ ಹೋಗುವವಳು. ಊರಿನಲ್ಲಿ ವಯಸ್ಸಾದ ತಂದೆತಾಯಿಗಳು ಮತ್ತು ಎರಡು ಎಕರೆ ಗದ್ದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಊರಿಗೆ ಬಂದ ಸೊಸೆಯು ಅತ್ತೆಯ ಕಣ್ಣಿಗೆ ನೆಂಟಳಂತೆ ಕಾಣುವಳು. ಸೊಸೆಗಾದರೋ ಇರುವ ಒಂದು ಬಿಡುವಿನ ದಿನವೂ ದುಡಿಮೆಯೇ ಆಯಿತೆಂದು ಬೇಸರ. ಸಂಜೆಯ ಹೊತ್ತಿಗೆ ಮೊಬೈಲಿನಲ್ಲಿ ತವರಿಗೆ ಒಂದು ಮಾತು ಹೋಗುತ್ತದೆ, ನಾದಿನಿಯ ಮನೆಗೆ ಒಂದು ಮಾತು ಹೋಗುತ್ತದೆ. ಮಾರನೆಯ ದಿನ ಬೆಳಗಾಗುವುದರೊಳಗೆ ಎರಡು ಮನೆಗಳ ಎಂಟು ಮಂದಿಗೆ, ಇಬ್ಬರ ನಡುವೆಯೇ ಇತ್ಯರ್ಥವಾಗಬೇಕಿದ್ದ ವಿಷಯವು ತಿಳಿದಿರುತ್ತದೆ. ಇಲ್ಲಿ ಯಾರೊಬ್ಬರೂ ದುಷ್ಟರೆಂದು ಹೇಳಲಾಗದು. ಆದರೂ ಒಂದು ದಿನ “ಇನ್ನು ಸಾಕು, ಬೇರೆಯಾಗೋಣ” ಎಂಬ ಮಾತು ಹೊರಬೀಳುತ್ತದೆ.

ಆ ಮಾತನ್ನು ಕೇಳಿದವರ ಸ್ಥಿತಿಯನ್ನು ಮೊದಲು ವಿಚಾರಿಸಬೇಕು. ಹೇಳಿದವರು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕುದಿದು ಹೇಳಿರುತ್ತಾರೆ. ಕೇಳಿದವರಿಗೆ ಅದು ಸಿಡಿಲಿನಂತೆ ಎರಗುತ್ತದೆ. ಆಗ ಸಾಧಾರಣವಾಗಿ ಮೂರು ತಪ್ಪುಗಳು ನಡೆಯುತ್ತವೆ. ಮೊದಲನೆಯದು ಎದುರುಬೆದರಿಕೆ: “ಹೋಗು, ಯಾರು ಬೇಡವೆಂದರು? ಮಗುವನ್ನು ಮಾತ್ರ ಇಲ್ಲಿಯೇ ಬಿಟ್ಟು ಹೋಗು.” ಎರಡನೆಯದು ಕಾಲಿಗೆ ಬೀಳುವುದು, ಕಾರಣವೇನೆಂದು ಕೇಳದೆ, ಎಲ್ಲವನ್ನೂ ಒಪ್ಪಿದೆನೆಂದು ಆಣೆಯಿಟ್ಟು, ನಾಲ್ಕು ದಿನಗಳಲ್ಲಿ ಹಿಂದಿನಂತೆಯೇ ನಡೆಯುವುದು. ಮೂರನೆಯದು ಅದೇ ರಾತ್ರಿ ಬೀಗರನ್ನು ಕರೆಯಿಸಿ ಅಂಗಳದಲ್ಲಿ ಪಂಚಾಯಿತಿಯನ್ನು ಕೂಡಿಸುವುದು. ಈ ಮೂರರಲ್ಲಿಯೂ ಒಂದೇ ದೋಷವುಂಟು. ಆಡಿದ ಮಾತನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ.

ಅಗಲಿಕೆಯ ಮಾತು ತತ್‌ಕ್ಷಣವೇ ಒಪ್ಪತಕ್ಕದ್ದೂ ಅಲ್ಲ, ಬಲದಿಂದ ಅಡಗಿಸತಕ್ಕದ್ದೂ ಅಲ್ಲ. ಮೊದಲು ಅದು ಕೇಳಿಸಿಕೊಳ್ಳತಕ್ಕದ್ದು. ಕೇಳಿಸಿಕೊಳ್ಳುವವರು ಎರಡು ಪ್ರಶ್ನೆಗಳನ್ನು ಮೆಲ್ಲಗೆ ಕೇಳಬೇಕು. “ನೀನು ಬೇರೆಯಾಗಬೇಕೆಂಬುದು ನನ್ನಿಂದಲೋ, ಈ ಮನೆಯ ನಡೆಯಿಂದಲೋ?” ಎಂಬುದು ಒಂದು. “ಇದು ಎಂದೆಂದಿಗೂ ಎಂಬ ಮಾತೋ, ಉಸಿರಾಡುವಷ್ಟು ದಿನಗಳ ಮಾತೋ?” ಎಂಬುದು ಇನ್ನೊಂದು. ಅನೇಕ ಮನೆಗಳಲ್ಲಿ ಗಂಡನನ್ನು ಬಿಡುತ್ತೇನೆಂಬ ಮಾತಿನ ಅರ್ಥವು ಒಲೆಯು ಬೇರೆಯಾಗಬೇಕೆಂಬುದಷ್ಟೇ ಆಗಿರುತ್ತದೆ. ಹೆಂಡತಿಯನ್ನು ಬಿಡುತ್ತೇನೆಂಬ ಮಾತಿನ ಅರ್ಥವು ತಾಯಿಗೂ ಹೆಂಡತಿಗೂ ನಡುವೆ ನಿಂತು ಬಸವಳಿದೆನೆಂಬುದಾಗಿರುತ್ತದೆ. ರೋಗವೊಂದಿರಲು ಔಷಧವನ್ನು ಇನ್ನೊಂದಕ್ಕೆ ಕೊಡಬಾರದು. ಅದೇ ಬೀದಿಯಲ್ಲಿ ಬೇರೆ ಮನೆಯನ್ನು ಮಾಡಿ, ತಂದೆತಾಯಿಗಳ ಯೋಗಕ್ಷೇಮವನ್ನು ಮಗನು ತಾನೇ ಮುಂದೆ ನಿಂತು ನೋಡಿಕೊಂಡಲ್ಲಿ ಉಳಿಯುವ ಸಂಸಾರಗಳು ಎಷ್ಟೋ ಇವೆ. ಒಲೆಯು ಎರಡಾದರೆ ಕುಲವು ಒಡೆಯಿತೆಂದು ಹಿರಿಯರು ಕೊರಗಬೇಕಾಗಿಲ್ಲ.

ಇಲ್ಲಿ ಲಿಂಗವಂತರು ವಿಶೇಷವಾಗಿ ನೆನೆಯತಕ್ಕ ಒಂದು ತತ್ತ್ವವಿದೆ. ದೀಕ್ಷೆಯಲ್ಲಿ ಗುರುವು ಇಷ್ಟಲಿಂಗವನ್ನು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆಯಾಗಿಯೇ ಅನುಗ್ರಹಿಸುತ್ತಾನೆ. ಗಂಡನ ಕೊರಳಿನ ಲಿಂಗದಿಂದ ಹೆಂಡತಿಗೆ ದೀಕ್ಷೆಯಾಗುವುದಿಲ್ಲ. ಹೆಂಡತಿಯ ಪೂಜೆಯಿಂದ ಗಂಡನ ಪೂಜೆಯು ಸಲ್ಲುವುದಿಲ್ಲ. ಮೇಲಾಗಿ ‘ಶರಣಸತಿ ಲಿಂಗಪತಿ’ ಎಂಬ ಸಿದ್ಧಾಂತದಲ್ಲಿ ಲಿಂಗವೊಂದೇ ಪತಿಯು. ಗಂಡಸಾದವನೂ ಅಲ್ಲಿ ಸತಿಯೇ. ಹೀಗಿರುವಲ್ಲಿ ಸಂಸಾರದ ಗಂಡನು ಹೆಂಡತಿಯ ಒಡೆಯನೆಂದಾಗಲಿ, ಅತ್ತೆಮಾವಂದಿರು ಸೊಸೆಯನ್ನು ಕೊಂಡು ತಂದವರೆಂದಾಗಲಿ ತಿಳಿಯುವುದಕ್ಕೆ ಆಧಾರವೆಲ್ಲಿಯದು? ತನ್ನದೇ ಲಿಂಗವುಳ್ಳ ಒಂದು ಜೀವವು ತನ್ನ ನೋವನ್ನು ಹೇಳುತ್ತಿದೆಯೆಂದು ಬಗೆದು ಕೇಳುವುದೇ ಧರ್ಮವು.

ಶರಣರ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಅದನ್ನು ಅವಮಾನವೆಂದೆಣಿಸಲಿಲ್ಲ. ಹೆಂಡತಿಯು ಒಲ್ಲೆನೆಂದಾಗ ಅದರೊಳಗಿನ ಸತ್ಯವನ್ನು ಕಂಡು ತನ್ನ ನಡೆಯನ್ನು ತಿದ್ದಿಕೊಂಡದ್ದರಿಂದಲೇ ಆ ದಾಂಪತ್ಯವು ಕಾಯಕಕ್ಕೆ ಮಾದರಿಯಾಗಿ ಉಳಿಯಿತು.

ಮಹಾದೇವಿಯಕ್ಕನ ಕಥೆಯು ಇದಕ್ಕೆ ಮತ್ತೊಂದು ಮುಖ. ಹರಿಹರ ಕವಿಯ ರಗಳೆಯಲ್ಲಿ ಕೌಶಿಕನೊಡನೆ ಆಕೆಯ ವಿವಾಹವು ನಿಬಂಧನೆಗಳ ಮೇಲೆ ನಡೆಯುತ್ತದೆ; ಆ ಕಟ್ಟಳೆಯನ್ನು ಅವನು ಮೂರು ಸಲ ಮೀರಿದ ಮೇಲೆ ಆಕೆ ಅರಮನೆಯನ್ನು ತೊರೆಯುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಾದರೋ ವಿವಾಹವೇ ನಡೆಯುವುದಿಲ್ಲ. ಕವಿಗಳಲ್ಲಿ ಈ ಭೇದವಿದ್ದರೂ, ಹೊರಟುನಿಂತ ಆಕೆಯನ್ನು ನಮ್ಮ ಪರಂಪರೆಯು ಕುಲಗೇಡಿಯೆನ್ನದೆ ‘ಅಕ್ಕ’ ಎಂದು ಕರೆದು ಅನುಭವಮಂಟಪದಲ್ಲಿ ಕುಳ್ಳಿರಿಸಿತೆಂಬುದು ಗಮನಾರ್ಹವು. ಹಾಗೆಂದು ಅತ್ತೆಯ ಮೇಲಿನ ಮುನಿಸಿನಿಂದ ತವರಿಗೆ ಹೊರಟವರು ತಮ್ಮನ್ನು ಅಕ್ಕನಿಗೆ ಹೋಲಿಸಿಕೊಳ್ಳಲಾಗದು. ಆಕೆಯದು ಲಿಂಗದ ಹಂಬಲ, ಇದು ಲೋಕದ ಬೇಗೆ. ಆದರೂ ಕೌಶಿಕನ ಪಾಠವು ಎಲ್ಲರಿಗೂ ಸಲ್ಲುವುದು. ಕೊಟ್ಟ ಮಾತನ್ನು ಪದೇ ಪದೇ ಮುರಿದವನಿಗೆ ‘ನನ್ನವಳು’ ಎನ್ನುವ ಅಧಿಕಾರವು ಅರಸುತನದಿಂದಲೂ ಉಳಿಯಲಿಲ್ಲ.

ಇನ್ನು ಹಿರಿಯರ ಕರ್ತವ್ಯ. ಮಗಳ ಕಣ್ಣೀರನ್ನು ಕಂಡ ತಾಯಿಗೂ, ಮಗನ ಮೌನವನ್ನು ಕಂಡ ತಂದೆಗೂ ಸುಮ್ಮನಿರಲಾಗದು, ಅದು ಸಹಜವೇ. ಆದರೆ ಬೀಗರು ಬೀಗರು ಕೂಡಿದಾಗ ಬಂಗಾರದ ಲೆಕ್ಕ, ಮದುವೆಯ ಖರ್ಚು, ಗದ್ದೆಯ ಪಾಲು ಇವು ಮೊದಲು ಬಂದರೆ ಮೂಲದ ನೋವು ಅಡಿಗೆ ಬೀಳುತ್ತದೆ. ಆದುದರಿಂದ ಮೊದಲು ಗಂಡಹೆಂಡಿರಿಬ್ಬರೇ ಮಾತನಾಡಲಿ. ಅದು ಸಾಲದಿದ್ದರೆ ಎರಡು ಕಡೆಗೂ ಬೇಕಾದ, ಯಾರ ಹಂಗಿಗೂ ಒಳಗಾಗದ ಒಬ್ಬರು ಹಿರಿಯರು ಕೂರಲಿ. ಮಕ್ಕಳನ್ನು ಆ ಸ್ಥಳದಿಂದ ದೂರವಿರಿಸಲಿ, “ಯಾರ ಹತ್ತಿರ ಇರುತ್ತೀಯೆ?” ಎಂದು ಎಳೆಯ ಮಗುವನ್ನು ಸಭೆಯ ನಡುವೆ ನಿಲ್ಲಿಸಿ ಕೇಳುವುದಕ್ಕಿಂತ ನಿರ್ದಯವಾದುದು ಇನ್ನಿಲ್ಲ.

ಮಠಗಳು ಇಂತಹ ವಿವಾದಗಳನ್ನು ಕೇಳುವುದು ಹೊಸತಲ್ಲ. ಸಿರಿಗೆರೆಯ ಶ್ರೀ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಭಕ್ತರ ಮನೆಯ ವ್ಯಾಜ್ಯಗಳನ್ನು ಕೇಳಿ ತೀರ್ಮಾನಿಸುವ ಪದ್ಧತಿಯು ನಾಡಿಗೆಲ್ಲ ತಿಳಿದದ್ದು. 2024ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಧಾರವಾಡದ ಪೀಠವು, ವಿಚ್ಛೇದನದ ವ್ಯಾಜ್ಯದಲ್ಲಿದ್ದ ಒಂದು ದಂಪತಿಗೆ, ಕೊಪ್ಪಳದ ಗವಿಮಠದ ಶ್ರೀ ಗವಿಸಿದ್ಧೇಶ್ವರ ಸ್ವಾಮಿಗಳವರನ್ನು ಕಂಡು ಹಿತೋಪದೇಶವನ್ನು ಪಡೆಯುವಂತೆ ಸೂಚಿಸಿತು. ಇದು ಮಠಗಳಿಗೆ ಹೆಮ್ಮೆಗಿಂತ ಮಿಗಿಲಾಗಿ ಹೊಣೆಯನ್ನು ತರುವ ಸಂಗತಿ. ಮಠದಲ್ಲಿ ಕುಳಿತು ಕೇಳುವವರು ಗಂಡಿನ ಮನೆಯ ಕಾಣಿಕೆಯನ್ನೂ ಹೆಣ್ಣಿನ ಮನೆಯ ಹಿರಿತನವನ್ನೂ ಮರೆತು ಕೇಳಬೇಕು. ಕೇಳಿದ ಗುಟ್ಟನ್ನು ಊರಿಗೆ ಹರಿಯಗೊಡಬಾರದು. “ಹೊಂದಿಕೊಂಡು ಹೋಗು ತಾಯಿ” ಎಂಬ ಒಂದೇ ಮಾತನ್ನು ಹೆಣ್ಣಿಗೆ ಮಾತ್ರ ಹೇಳಿ ಕಳುಹಿಸಬಾರದು.

ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಗಣಾಚಾರವೂ ಎರಡು. ಭೃತ್ಯಾಚಾರವು ವಿನಯವನ್ನು ಕಲಿಸುತ್ತದೆ. ಗಣಾಚಾರವು ಅನ್ಯಾಯವನ್ನು ಸಹಿಸದಿರುವುದನ್ನು ಕಲಿಸುತ್ತದೆ. ಮನೆಯೊಳಗೆ ವಿನಯವು ಇಬ್ಬರಿಗೂ ಬೇಕು. ಆದರೆ ಹೊಡೆತ ಬಡಿತ, ವರದಕ್ಷಿಣೆಯ ಕಾಟ, ಕುಡಿದು ಬಂದು ಮಾಡುವ ಹಿಂಸೆ ಇವುಗಳಿರುವಲ್ಲಿ ಸಂಧಿಯ ಮಾತಿಗಿಂತ ಮೊದಲು ಪ್ರಾಣರಕ್ಷಣೆಯು. ಅಂತಹ ಮನೆಗೆ ಹೆಣ್ಣನ್ನು ಮರಳಿ ಕಳುಹಿಸುವುದು ಸಂಸಾರವನ್ನು ಉಳಿಸುವ ಕಾರ್ಯವಲ್ಲ. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆಯು ಆಕೆಗೆ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. 181 ಎಂಬ ದೂರವಾಣಿಯ ಸಂಖ್ಯೆಯು ಮಹಿಳೆಯರ ಸಹಾಯಕ್ಕಾಗಿಯೇ ಇದೆ. ಹಾಗೆಯೇ ಅನ್ಯಾಯವು ಒಂದೇ ಕಡೆಯದೆಂದು ತಿಳಿಯಬಾರದು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಕ್ಕ ಕಾರಣವಿಲ್ಲದೆ ಗಂಡನನ್ನು ಅವನನ್ನೇ ನೆಚ್ಚಿದ ತಂದೆತಾಯಿಗಳಿಂದ ಅಗಲಿಸಲು ಸತತವಾಗಿ ಹಟ ಹಿಡಿಯುವುದು ಕ್ರೌರ್ಯವೆನಿಸುವುದೆಂದು ಹೇಳಿದೆ. ಇಲ್ಲಿ ‘ತಕ್ಕ ಕಾರಣವಿಲ್ಲದೆ’ ಎಂಬ ಮಾತನ್ನು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಸಮವಾಗಿ ವಿಚಾರಿಸತಕ್ಕದ್ದು.

ಎಲ್ಲ ಪ್ರಯತ್ನವನ್ನು ಮಾಡಿದ ಮೇಲೆಯೂ ಅಗಲಿಕೆಯೇ ನಿಶ್ಚಯವಾದಲ್ಲಿ, ಅದಕ್ಕೂ ಒಂದು ಮರ್ಯಾದೆಯ ದಾರಿಯಿದೆ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ ಹತ್ತನೆಯ ಕಲಮಿನಂತೆ, ವಿವಾಹವು ಮುರಿಯದೆ ಕೂಡಿಬಾಳುವ ಬಾಧ್ಯತೆಯು ಮಾತ್ರ ನಿಲ್ಲುವ ಪ್ರತ್ಯೇಕವಾಸಕ್ಕೆ ನ್ಯಾಯಾಲಯವು ಅಪ್ಪಣೆ ಕೊಡಬಹುದು. ದುಡುಕಿ ಕಡಿದುಕೊಳ್ಳುವುದಕ್ಕಿಂತ ಇದು ಕೆಲವರಿಗೆ ಮೇಲು. 1976ರಲ್ಲಿ ಸೇರಿಸಿದ ನಿಯಮದಂತೆ ಇಬ್ಬರೂ ಒಪ್ಪಿದರೆ, ಒಂದು ವರ್ಷವಾದರೂ ಬೇರೆಯಾಗಿದ್ದು, ಕೂಡಿ ಅರ್ಜಿಯನ್ನು ಕೊಟ್ಟು ಬಿಡುಗಡೆಯನ್ನು ಪಡೆಯಬಹುದು. ಅರ್ಜಿಯ ತರುವಾಯ ಆರು ತಿಂಗಳು ಕಾಯಬೇಕೆಂದಿರುವುದು ಮನಸ್ಸು ಮರಳಿದರೆ ಮರಳಲಿ ಎಂಬ ಸದುದ್ದೇಶದಿಂದಲೇ. ಮರಳುವ ಆಸೆಯೇ ಇಲ್ಲವೆಂದು ಮನಗಂಡಲ್ಲಿ ಆ ಕಾಲಾವಧಿಯನ್ನು ನ್ಯಾಯಾಲಯವು ಬಿಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಮೊದಲು ದಂಪತಿಗಳನ್ನು ಕೂಡಿಸಲು ಯತ್ನಿಸಬೇಕೆಂಬ ಹೊಣೆಯನ್ನೂ ಕಾಯಿದೆಯು ನ್ಯಾಯಾಧೀಶರ ಮೇಲೆ ಹೊರಿಸಿದೆ. ವಕೀಲರಿಗೆ ಕೊಡಲು ಹಣವಿಲ್ಲದ ಹೆಣ್ಣುಮಕ್ಕಳು ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕಂಡರೆ, ವರಮಾನವೆಷ್ಟೆಂದು ನೋಡದೆ ಉಚಿತವಾಗಿ ನೆರವು ದೊರೆಯುವುದು.

ತವರಿನವರು ಮಗಳು ಮರಳಿ ಬಂದಳೆಂದು ತಲೆ ತಗ್ಗಿಸಬೇಕಾಗಿಲ್ಲ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳಿಗಾಗಿ ಕಾಯಿದೆಯನ್ನು ಮಾಡಿತು. ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಪಾಲನ್ನು ಕೊಟ್ಟವು. ಆದುದರಿಂದ ತವರಿನ ಜಗಲಿಯಲ್ಲಿ ಅವಳು ಹಂಗಿನವಳಲ್ಲ. ಪುನಃ ಸಂಸಾರವನ್ನು ಹೂಡುವುದೂ ನಮ್ಮವರಿಗೆ ಹೊಸತಲ್ಲ. ಉಡಿಕೆ, ಕೂಡಿಕೆ ಎಂಬ ಹೆಸರುಗಳಿಂದ ಮರುಸಂಬಂಧವನ್ನು ಹಿಂದಿನವರು ಒಪ್ಪಿಕೊಂಡಿದ್ದರು.

ಕಡೆಯದಾಗಿ, ಬಿಟ್ಟುಹೋದವರನ್ನು ನೆನೆದು ಒಂಟಿಯಾಗಿ ಉಳಿದವರಿಗೆ ಹೇಳತಕ್ಕ ಕೆಲವು ಮಾತುಗಳಿವೆ. ಮೊದಲ ದಿನಗಳಲ್ಲಿ ದೊಡ್ಡ ತೀರ್ಮಾನಗಳನ್ನು ಮಾಡದಿರಿ. ಗದ್ದೆಯನ್ನು ಮಾರುವುದು, ಊರನ್ನು ಬಿಡುವುದು, ಹಟಕ್ಕೆ ಬಿದ್ದು ಮತ್ತೊಂದು ಸಂಬಂಧವನ್ನು ಹುಡುಕುವುದು ಇವು ತಡೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಮಲಗಿರಿ. ಬೆಳಗಿನ ಇಷ್ಟಲಿಂಗಪೂಜೆಯನ್ನು ತಪ್ಪಿಸದಿರಿ; ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದೃಷ್ಟಿಯನ್ನು ನಿಲ್ಲಿಸಿದ ಆ ಗಳಿಗೆಯಲ್ಲಿ ಯಾರಿಗೂ ಉತ್ತರವನ್ನು ಕೊಡಬೇಕಾಗಿಲ್ಲ, ಯಾರ ಮೇಲೂ ದೂರು ಹೇಳಬೇಕಾಗಿಲ್ಲ. ಕಾಯಕವನ್ನು ಬಿಡದಿರಿ, ಕೈಗೆ ಕೆಲಸವಿಲ್ಲದವನ ದುಃಖವು ಇಮ್ಮಡಿಯಾಗುತ್ತದೆ. ನೆಚ್ಚಿನ ಒಬ್ಬರೊಡನೆ ಮನಸ್ಸನ್ನು ಬಿಚ್ಚಿರಿ, ಊರಿಗೆಲ್ಲ ಬಿಚ್ಚದಿರಿ. ನಿದ್ರೆಯು ದೂರವಾಗಿ ಜೀವವೇ ಬೇಡವೆನ್ನಿಸಿದರೆ ಅದನ್ನು ಅಡಗಿಸದೆ ವೈದ್ಯರನ್ನು ಕಾಣಿರಿ. ಮೈಯ ಜ್ವರಕ್ಕೆ ಮದ್ದು ಕುಡಿಯುವುದು ಹೇಗೆ ನಾಚಿಕೆಯಲ್ಲವೋ ಹಾಗೆಯೇ ಮನಸ್ಸಿನ ಜ್ವರಕ್ಕೂ. ಮಕ್ಕಳ ಮುಂದೆ ಅವರ ತಾಯಿಯನ್ನಾಗಲಿ ತಂದೆಯನ್ನಾಗಲಿ ನಿಂದಿಸದಿರಿ. ಗಂಡಹೆಂಡಿರ ಸಂಬಂಧವು ಕಡಿದರೂ ತಂದೆತಾಯಿಗಳೆಂಬ ಸಂಬಂಧವು ಕಡಿಯುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ನಿಮ್ಮ ಎಲೆಯು ಹಿಂದಿನಂತೆಯೇ ಇರುತ್ತದೆ, ಪಕ್ಕದಲ್ಲಿ ಕುಳಿತ ಭಕ್ತರು “ಯಾಕೆ ಒಬ್ಬಳೇ ಬಂದೆ?” ಎಂದು ಕೇಳದಿರುವುದೇ ಅವರು ಮಾಡಬಹುದಾದ ದೊಡ್ಡ ಸೇವೆಯು.

ಈ ಸೀಮೆಯ ನೀರು ಎರಡು ಪಾಠಗಳನ್ನು ಹೇಳುತ್ತದೆ. ಶ್ರೀರಂಗಪಟ್ಟಣದ ಮೇಲುಗಡೆ ಕಾವೇರಿಯು ಎರಡು ಕವಲಾಗಿ, ದ್ವೀಪವನ್ನು ಬಳಸಿ, ಕೆಳಗೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕನ್ನಂಬಾಡಿಯಲ್ಲಿ ನಾಲೆಗೆ ತಿರುಗಿದ ನೀರಾದರೋ ಹೊಳೆಯ ದಾರಿಯನ್ನು ಬಿಟ್ಟು ಬಯಲಿಗೆ ಹೋಗಿ ಭತ್ತವನ್ನು ಬೆಳೆಯುತ್ತದೆ. ಬೇರೆಯಾದವರು ಮತ್ತೆ ಕೂಡಿದರೆ ಅದು ಸಂಗಮವು. ಕೂಡದಿದ್ದರೂ ಅವರ ಬಾಳು ಹೊಲವನ್ನು ಸೇರಿದ ನೀರಾಗಲಿ, ಕೆಸರಿನಲ್ಲಿ ನಿಂತು ಕೊಳೆಯದಿರಲಿ. ಎರಡು ದಾರಿಗಳಲ್ಲಿ ಯಾವುದು ಯಾರ ಪಾಲಿನದೆಂಬುದನ್ನು ಅವಸರವಿಲ್ಲದೆ, ಒಬ್ಬರ ಮಾತನ್ನು ಒಬ್ಬರು ಪೂರ್ತಿಯಾಗಿ ಕೇಳಿ ನಿಶ್ಚಯಿಸುವ ಸಹನೆಯನ್ನು ಎಲ್ಲ ಮನೆಗಳಿಗೂ ಪರಶಿವನು ಕರುಣಿಸಲಿ.